ಇಂಗ್ಲೆಂಡಿನ ಕ್ಯಾಥೊಲಿಕ್ ಪ್ರೈಮರಿ ಸ್ಕೂಲ್ ಅಡ್ಮಿಷನ್: ಐದಕ್ಕೆ ಮೂರು ಸ್ಟಾರ್

ಇದು ಒಂದು ಸ್ಕೂಲಿನ ರಿವ್ಯೂ ಅಲ್ಲ, ಆ ಸ್ಕೂಲುಗಳು ಯಾವ ಮಗೂನ ಒಳಗೆ ತಗೋಬೇಕು ಅಂತ ತೀರ್ಮಾನ ಮಾಡೋ ಪದ್ಧತಿಯ ರಿವ್ಯೂ. ಹೋಟೆಲ್ ಬಗ್ಗೆ, ಬ್ರಾಡ್‌ಬ್ಯಾಂಡ್ ಬಗ್ಗೆ, ಏರ್‌ಲೈನ್ ಬಗ್ಗೆ ಎಲ್ಲರೂ ಬರೀತಾರೆ, ಇದ್ರ ಬಗ್ಗೆ ಕನ್ನಡದಲ್ಲಿ ಬರ್ದಿದ್ದು ನನ್ ಕಣ್ಣಿಗಂತೂ ಬಿದ್ದಿಲ್ಲ. ಆದ್ರೆ ನವೆಂಬರ್ ಬಂತು ಅಂದ್ರೆ ಸಾಕು, ಇಲ್ಲಿನ ನಮ್ಮ ಕನ್ನಡ ವಾಟ್ಸಾಪ್ ಗ್ರೂಪಲ್ಲಿ ರಾಜ್ಯೋತ್ಸವದ ಫೋಟೋಗಳ ಕೆಳಗೇ ಶುರು, "ಮನೆ ಪಕ್ಕ ಒಳ್ಳೆ ಕ್ಯಾಥೊಲಿಕ್ ಸ್ಕೂಲ್ ಇದೆ, ನಾವು ಅಪ್ಲೈ ಮಾಡ್ಬೋದಾ, ನಮ್ಗೆ ಕೊಡ್ತಾರಾ?" ಮಾಡ್ಬೋದು. ಕೊಡ್ತಾರಾ ಅನ್ನೋದಕ್ಕೆ ಉತ್ತರ ಸ್ವಲ್ಪ ಉದ್ದ ಇದೆ, ಅದಕ್ಕೇ ಇಲ್ಲಿ ಬರೀತಿರೋದು.

ನಾವಿರೋದು ಲಂಡನ್ನಿನ ಪಶ್ಚಿಮದ ಕಡೆ, ಊರು ದಾವಣಗೆರೆ. ನಮ್ಮ ಬೀದಿ ತುದೀಲಿ ನಿಂತ್ರೆ ಒಂದು ಕ್ಯಾಥೊಲಿಕ್ ಪ್ರೈಮರಿ ಸ್ಕೂಲಿನ ಗೇಟ್ ಕಾಣತ್ತೆ, ಬೆಳಿಗ್ಗೆ ಎಂಟೂವರೆಗೆ ಮಕ್ಕಳ ಗಲಾಟೆ ಅಡುಗೆಮನೇವರೆಗೂ ಕೇಳತ್ತೆ. ಮಗಳಿಗೆ ನಾಲ್ಕು ತುಂಬೋ ಹೊತ್ತಿಗೆ ಅದನ್ನ ಬಿಟ್ಟು ಬೇರೆ ಕಡೆ ಯಾಕೆ ನೋಡ್ಬೇಕು ಅಂತ ನನ್ ಗಂಡ. ಅವ್ರ ವಾದ ಸಿಂಪಲ್, ಹತ್ರ ಇದೆ, ಫೀಸಿಲ್ಲ, ರಿಪೋರ್ಟ್ ಚೆನ್ನಾಗಿದೆ. ಮೂರೂ ನಿಜ. ಆದ್ರೆ ಆ ಗೇಟಿಂದ ನಮ್ಮ ಮನೆಗೆ ಇರೋ ದೂರ ಅವ್ರ ಲೆಕ್ಕದಲ್ಲಿ ಎಷ್ಟನೇ ಸಾಲಲ್ಲಿ ಬರತ್ತೆ ಅನ್ನೋದೇ ಇಲ್ಲಿಯ ವಿಷಯ.

ಮೊದಲು ತಲೇಲಿರೋ ನಮ್ಮೂರ ಚಿತ್ರ ಪಕ್ಕಕ್ಕಿಡಬೇಕು. ನಮಗೆ ಕಾನ್ವೆಂಟ್ ಅಂದ ಕೂಡ್ಲೇ ನೆನಪಾಗೋದು ಬೆಳಗಿನ ಜಾವ ಫಾರ್ಮಿಗೆ ಕ್ಯೂ, ಅಪ್ಪ ಅಮ್ಮನ್ನ ಕೂರಿಸ್ಕೊಂಡು ಇಂಟರ್‌ವ್ಯೂ, ಮಗು ಕೈಲಿ ಎ ಫಾರ್ ಆಪಲ್ ಹೇಳಿಸೋದು, ಆಮೇಲೆ ಬಿಲ್ಡಿಂಗ್ ಫಂಡು, ಯಾರಾದ್ರೂ ಫಾದರ್ ಪರಿಚಯ ಇದಾರಾ ಅಂತ ಹುಡುಕಾಟ. ನಮ್ಮಲ್ಲೂ 2009ರ ಆರ್‌ಟಿಇ ಕಾಯ್ದೆ ಡೊನೇಷನ್ನೂ ಬೇಡ ಇಂಟರ್‌ವ್ಯೂನೂ ಬೇಡ ಅನ್ನತ್ತೆ, ಆದ್ರೆ 2014ರಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸಲ್ಲ ಅಂದ್ಬಿಡ್ತು. ಇಲ್ಲಿ ಹಾಗಲ್ಲ. ಇಂಗ್ಲೆಂಡಲ್ಲಿ ಬಹುಪಾಲು ಕ್ಯಾಥೊಲಿಕ್ ಸ್ಕೂಲುಗಳು ಸರ್ಕಾರದ ದುಡ್ಡಲ್ಲೇ ನಡೆಯೋವು, ಟೀಚರ್ ಸಂಬಳ, ಕರೆಂಟು, ಪುಸ್ತಕ ಎಲ್ಲಾ ನಮ್ಮ ತೆರಿಗೆ. 1944ರ ಎಜುಕೇಷನ್ ಆ್ಯಕ್ಟಲ್ಲಿ ವಾಲಂಟರಿ ಏಯ್ಡೆಡ್ ಅಂತ ಒಂದು ವ್ಯವಸ್ಥೆ ಬಂತು, ಆಗ ಕಟ್ಟಡದ ಖರ್ಚಲ್ಲಿ ಅರ್ಧ ಚರ್ಚ್ ಹಾಕ್ಬೇಕಿತ್ತು, ಅದು ಕಮ್ಮಿ ಆಗ್ತಾ ಆಗ್ತಾ ಈಗ ಹತ್ತು ಪರ್ಸೆಂಟಿಗೆ ಬಂದಿದೆ. ಸ್ಥಳೀಯ ಆಡಳಿತ ಬಿಟ್ಟು ನೇರ ಕೇಂದ್ರ ಸರ್ಕಾರದ ದುಡ್ಡಲ್ಲಿ ನಡೆಯೋ ಅಕಾಡೆಮಿ ಸ್ಕೂಲುಗಳಿಗೆ ಆ ಹತ್ತೂ ಇಲ್ಲ. ಇನ್ನೂ ಹಿಂದಕ್ಕೆ ಹೋದ್ರೆ 1850ರ ದಶಕ, ಐರ್ಲೆಂಡಿಂದ ಹೊಟ್ಟೆಪಾಡಿಗೆ ಬಂದ ಬಡ ಕ್ಯಾಥೊಲಿಕರ ಮಕ್ಕಳಿಗೆ ಅಂತ ಕಟ್ಟಿದ ಸ್ಕೂಲುಗಳಿವು, ಚರ್ಚ್ ಕಟ್ಟೋಕೆ ಮುಂಚೆ ಸ್ಕೂಲ್ ಕಟ್ಟಿ ಅಂತ ಆಗಿನ ಬಿಷಪ್ಪುಗಳೇ ಹೇಳಿದ್ರು. ಅಂದ್ರೆ ವಲಸೆ ಬಂದವರ ಸ್ಕೂಲು. ಈಗಲೂ ನಮ್ಮ ಏರಿಯಾದ ಕ್ಲಾಸ್ ಫೋಟೋ ನೋಡಿದ್ರೆ ಕೇರಳ, ಗೋವಾ, ಪೋಲೆಂಡ್, ಫಿಲಿಪೀನ್ಸ್, ನೈಜೀರಿಯಾ ಎಲ್ಲಾ ಕಾಣತ್ತೆ.

ಸರಿ, ಅರ್ಜಿಗೆ ಬರೋಣ. ಆಗಸ್ಟ್ 31ರೊಳಗೆ ನಾಲ್ಕು ತುಂಬೋ ಮಗು ಆ ಸೆಪ್ಟೆಂಬರಿಗೆ ರಿಸೆಪ್ಷನ್ ಕ್ಲಾಸಿಗೆ, ಅಂದ್ರೆ ಪ್ರೈಮರಿಯ ಮೊದಲ ವರ್ಷಕ್ಕೆ ಹೋಗತ್ತೆ. ಅರ್ಜಿ ಹಾಕೋದು ಸ್ಕೂಲಿಗಲ್ಲ, ನೀವಿರೋ ಕೌನ್ಸಿಲ್ಲಿಗೆ (ನಮ್ಮ ನಗರಪಾಲಿಕೆ ಥರದ್ದು), ಆನ್‌ಲೈನಲ್ಲಿ, ಜನವರಿ 15ರೊಳಗೆ. ಲಂಡನ್ನಲ್ಲಾದ್ರೆ ಆರು ಸ್ಕೂಲ್ ಹೆಸರು ಕೊಡ್ಬೋದು, ಬೇರೆ ಕಡೆ ಕನಿಷ್ಠ ಮೂರು. ಈ ಭಾಗಕ್ಕೆ ನಾನು ಫುಲ್ ಮಾರ್ಕ್ಸ್ ಕೊಡ್ತೀನಿ. ಯಾಕಂದ್ರೆ ನೀವು ಯಾವ ಸ್ಕೂಲನ್ನ ಒಂದನೇದು ಹಾಕಿದೀರಾ ಯಾವ್ದನ್ನ ನಾಕನೇದು ಅಂತ ಸ್ಕೂಲಿನೋರಿಗೆ ಗೊತ್ತೇ ಆಗಲ್ಲ, ಅವ್ರು ತಮ್ಮ ನಿಯಮದ ಪ್ರಕಾರ ಎಲ್ಲಾ ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ ಲಿಸ್ಟ್ ಕಳಿಸ್ತಾರೆ, ಕೌನ್ಸಿಲ್ ನೋಡಿ ನಿಮಗೆ ಸಿಗೋ ಸ್ಕೂಲುಗಳಲ್ಲಿ ನಿಮ್ಮ ಪಟ್ಟಿಯ ಮೇಲಿನದನ್ನ ಕೊಡತ್ತೆ, ಉಳಿದಿದ್ದನ್ನ ಬಿಡತ್ತೆ. ಹಾಗಾಗಿ ಸಿಗೋ ಚಾನ್ಸ್ ಕಮ್ಮಿ ಅಂತ ಮೇಲೆ ಹಾಕೋಕೆ ಹೆದರ್ಬೇಕಾಗಿಲ್ಲ, ಆಸೆ ಇರೋದನ್ನ ಒಂದನೇದಾಗಿ ಹಾಕಿ, ಖಾತ್ರಿ ಸಿಗೋ ಒಂದು ಸ್ಕೂಲನ್ನ ಕೆಳಗೆ ಹಾಕಿಡಿ. ಇದನ್ನ ಎಷ್ಟು ಸಲ ಹೇಳಿದ್ರೂ ಗ್ರೂಪಲ್ಲಿ ಒಬ್ರಾದ್ರೂ "ಒಂದನೇದು ಹಾಕಿದ್ರೆ ವೇಸ್ಟ್ ಆಗತ್ತಂತೆ ಕಣ್ರೀ" ಅಂತಾರೆ. ಆಗಲ್ಲ. ಇನ್ನೊಂದು, ಅದೇ ಸ್ಕೂಲಿನ ನರ್ಸರೀಲಿ ಮಗು ಇದ್ರೂ ರಿಸೆಪ್ಷನ್ನಿಗೆ ಮತ್ತೆ ಹೊಸದಾಗಿ ಅರ್ಜಿ ಹಾಕ್ಲೇಬೇಕು, ತಾನಾಗೇ ಮೇಲಿನ ಕ್ಲಾಸಿಗೆ ಹೋಗೋದು ಅಂತಿಲ್ಲ.

ಕ್ಯಾಥೊಲಿಕ್ ಸ್ಕೂಲಿಗೆ ಇದರ ಜೊತೆ ಇನ್ನೊಂದು ಫಾರ್ಮ್, ಸಪ್ಲಿಮೆಂಟರಿ ಇನ್ಫರ್ಮೇಷನ್ ಫಾರ್ಮ್, ಎಲ್ಲರೂ ಎಸ್‌ಐಎಫ್ ಅಂತಾರೆ. ಇದು ಕೌನ್ಸಿಲ್ಲಿಗಲ್ಲ, ನೇರ ಸ್ಕೂಲಿಗೇ. ಇದನ್ನ ಕೊಡ್ಲಿಲ್ಲ ಅಂದ್ರೆ ಅರ್ಜಿ ರದ್ದಾಗಲ್ಲ, ಆದ್ರೆ ಧರ್ಮದ ಪುರಾವೆ ಏನೂ ಇಲ್ಲ ಅಂತ ನಿಮ್ಮನ್ನ ತಗೊಂಡೋಗಿ ಕಟ್ಟಕಡೆಯ ಸಾಲಿಗೆ ಹಾಕ್ತಾರೆ. ನಾವು ಅರ್ಜಿ ಹಾಕಿದ ಸ್ಕೂಲುಗಳಲ್ಲಿ ಒಂದರ ಆಫೀಸಿನೋರು ಫಾರ್ಮ್ ಬಂದಿದೆ ಅಂತ ಒಂದು ಸಾಲಿನ ಇಮೇಲ್ ಹಾಕೋಕೂ ತಯಾರಿಲ್ಲ, ಫೋನ್ ಮಾಡಿದ್ರೆ "ಇನ್‌ಬಾಕ್ಸಲ್ಲಿ ಇರ್ಬೋದು" ಅಂತಾರೆ. ಇರ್ಬೋದು ಅಂದ್ರೆ ಏನ್ರೀ, ಒಂದು ಮಗುವಿನ ಏಳು ವರ್ಷದ ಸ್ಕೂಲು ಆ ಇನ್‌ಬಾಕ್ಸಲ್ಲಿ ಕೂತಿರತ್ತೆ. ಈ ಒಂದು ವಿಷಯಕ್ಕೇ ಅರ್ಧ ಸ್ಟಾರ್ ಕಟ್.

ಈಗ ಆ ಸಾಲು ಹೇಗಿರತ್ತೆ ಅಂತ ಹೇಳ್ತೀನಿ. ಸ್ಕೂಲಿಂದ ಸ್ಕೂಲಿಗೆ, ಡಯಾಸಿಸ್ಸಿಂದ (ಒಬ್ಬ ಬಿಷಪ್ಪಿನ ವ್ಯಾಪ್ತಿ) ಡಯಾಸಿಸ್ಸಿಗೆ ಸಣ್ಣಪುಟ್ಟ ವ್ಯತ್ಯಾಸ ಇದ್ರೂ ಅಸ್ಥಿಪಂಜರ ಒಂದೇ. ವಿಶೇಷ ಅಗತ್ಯದ ಮಗುವಿಗೆ ಕೌನ್ಸಿಲ್ ಮಾಡಿಕೊಡೋ ಇಎಚ್‌ಸಿ (ಎಜುಕೇಷನ್, ಹೆಲ್ತ್ ಅಂಡ್ ಕೇರ್) ಪ್ಲಾನಲ್ಲಿ ಆ ಸ್ಕೂಲಿನ ಹೆಸರಿದ್ರೆ ಸೀಟು ಕೊಡ್ಲೇಬೇಕು, ಅದು ಕ್ಯೂಗಿಂತ ಹೊರಗಿನದು. ಆಮೇಲೆ ಸಾಮಾನ್ಯವಾಗಿ ಹೀಗೆ, ಮೊದಲು ಕೌನ್ಸಿಲ್ ಆರೈಕೆಯಲ್ಲಿರೋ ಅಥವಾ ಹಿಂದೆ ಇದ್ದು ದತ್ತು ಹೋದ ಕ್ಯಾಥೊಲಿಕ್ ಮಕ್ಕಳು, ಆಮೇಲೆ ಬ್ಯಾಪ್ಟಿಸಂ (ದೀಕ್ಷಾಸ್ನಾನ) ಆಗಿರೋ ಕ್ಯಾಥೊಲಿಕ್ ಮಕ್ಕಳು, ಅದರಲ್ಲೇ ಇಂತಿಂಥ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿ) ಒಳಗೆ ಇರೋರು ಮುಂದೆ ಹೊರಗಿನೋರು ಹಿಂದೆ, ಆಮೇಲೆ ಆರೈಕೆಯಲ್ಲಿರೋ ಬೇರೆ ಮಕ್ಕಳು, ಆಮೇಲೆ ದೀಕ್ಷಾಸ್ನಾನಕ್ಕೆ ತಯಾರಾಗ್ತಿರೋರು ಮತ್ತು ಆರ್ಥೊಡಾಕ್ಸ್ ಥರದ ಪೂರ್ವದ ಚರ್ಚುಗಳ ಮಕ್ಕಳು, ಆಮೇಲೆ ಬೇರೆ ಕ್ರಿಶ್ಚಿಯನ್ ಪಂಗಡ, ಆಮೇಲೆ ಬೇರೆ ಧರ್ಮ, ಕೊನೇಗೆ "ಉಳಿದ ಎಲ್ಲಾ ಮಕ್ಕಳು". ಒಂದೊಂದು ಗುಂಪಿನ ಒಳಗೂ ಅಣ್ಣ ಅಕ್ಕ ಅದೇ ಸ್ಕೂಲಲ್ಲಿ ಇದ್ರೆ ಅವ್ರು ಮುಂದೆ, ಅಲ್ಲೂ ಸಮ ಆದ್ರೆ ಮನೆಯಿಂದ ಸ್ಕೂಲಿಗೆ ಅಳತೆ, ಸಾಮಾನ್ಯವಾಗಿ ರಸ್ತೆ ಮೇಲಿನ ದೂರ ಅಲ್ಲ ಮ್ಯಾಪ್ ಮೇಲೆ ನೇರ ಗೆರೆ, ಅದೂ ಸಮ ಆದ್ರೆ ಲಾಟರಿ.

ನಮ್ಮ ಕಡೆಯೋರಿಗೆ ಇದರಲ್ಲಿ ಒಂದು ಸೂಕ್ಷ್ಮ ಇದೆ. ಇಲ್ಲಿ ಕ್ಯಾಥೊಲಿಕ್ ಅಂದ್ರೆ ರೋಮಿನ ಜೊತೆ ಪೂರ್ಣ ಸಂಬಂಧ ಇರೋ ಎಲ್ಲಾ ಚರ್ಚು. ಮಂಗಳೂರಿನ ಕೊಂಕಣಿ ಕ್ಯಾಥೊಲಿಕರು, ಬೆಂಗಳೂರು ಮೈಸೂರಿನ ಕನ್ನಡ ತಮಿಳು ಕ್ಯಾಥೊಲಿಕರು ಸರಿಯೇ ಸರಿ, ಕೇರಳದ ಸೀರೋ ಮಲಬಾರ್ ಚರ್ಚಿನೋರು ಕೂಡ ಅದೇ ಎರಡನೇ ಸಾಲಿಗೆ, ಅವ್ರಿಗೆ 2016ರಿಂದ ಬ್ರಿಟನ್ನಿಗೇ ಅಂತ ಪ್ರತ್ಯೇಕ ಬಿಷಪ್ಪೂ ಇದಾರೆ, ಪ್ರೆಸ್ಟನ್ನಲ್ಲಿ. ಆದ್ರೆ ಬಾಸೆಲ್ ಮಿಷನ್ ಕಾಲದಿಂದ ಬಂದ ಧಾರವಾಡದ, ಹುಬ್ಬಳ್ಳಿಯ, ಮಂಗಳೂರಿನ ಸಿಎಸ್‌ಐನೋರು (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರಾಟೆಸ್ಟೆಂಟರು) ಕ್ರಿಶ್ಚಿಯನ್ನರಾದ್ರೂ "ಬೇರೆ ಕ್ರಿಶ್ಚಿಯನ್ ಪಂಗಡ"ಕ್ಕೆ ಹೋಗ್ತಾರೆ. ನಮಗೆ ಗೊತ್ತಿರೋ ಒಬ್ಬ ಧಾರವಾಡದ ಅಂಕಲ್, ಮೂರು ತಲೆಮಾರಿನ ಸಿಎಸ್‌ಐ, ಮೊಮ್ಮಗನ ಫಾರ್ಮ್ ನೋಡಿ "ಏನಪಾ ಇದು, ಬೈಬಲ್ ಓದಾಂವ ಹಿಂದ, ಹುಟ್ಟಿದ ತಿಂಗಳಿಗೆ ನೀರ ಹಾಕಿಸ್ಕೊಂಡಾಂವ ಮುಂದ" ಅಂದ್ರು. ಅವ್ರ ಸಿಟ್ಟಲ್ಲಿ ಸ್ವಲ್ಪ ಹಳೇ ಜಗಳವೂ ಇತ್ತು ಬಿಡಿ.

ಕ್ಯಾಥೊಲಿಕ್ ಆದ್ರೆ ಮುಗೀತಾ? ಅದೂ ಸ್ಕೂಲಿನ ಮೇಲೆ. ಕೆಲವು ಕಡೆ ಬ್ಯಾಪ್ಟಿಸಂ ಸರ್ಟಿಫಿಕೇಟ್ ಸಾಕು. ಕೆಲವು ಕಡೆ ಹುಟ್ಟಿದ ಇಷ್ಟು ತಿಂಗಳೊಳಗೆ ಆಗಿರಬೇಕು ಅಂತ ಸೇರಿಸ್ತಾರೆ, ಸ್ಕೂಲ್ ಅಡ್ಮಿಷನ್ನಿಗಾಗೇ ಮೂರನೇ ವರ್ಷದಲ್ಲಿ ಓಡಿ ಬರೋರನ್ನ ತಡೆಯೋಕೆ. ಇನ್ನು ತುಂಬಾ ರಶ್ ಇರೋ ಕಡೆ ಸರ್ಟಿಫಿಕೇಟ್ ಆಫ್ ಕ್ಯಾಥೊಲಿಕ್ ಪ್ರ್ಯಾಕ್ಟಿಸ್ ಅಂತ ಒಂದು ಕಾಗದ ಕೇಳ್ತಾರೆ, ಈ ಕುಟುಂಬ ಭಾನುವಾರ ಭಾನುವಾರ ಮಾಸ್‌ಗೆ (ಚರ್ಚಿನ ಪೂಜೆಗೆ) ಬರತ್ತೆ ಅಂತ ಪ್ಯಾರಿಷ್ ಪ್ರೀಸ್ಟ್ ಸಹಿ ಹಾಕಿ ಕೊಡ್ಬೇಕು. ಚರ್ಚಲ್ಲಿ ಮಂಡಿ ಊರಿದ್ರೆ ಪ್ರೈವೇಟ್ ಸ್ಕೂಲಿನ ಫೀಸು ಉಳಿಯತ್ತೆ ಅಂತ ಇಲ್ಲಿಯೋರೇ ಹಾಸ್ಯ ಮಾಡ್ತಾರೆ.

ಇದನ್ನ ಹತ್ತಿರದಿಂದ ನೋಡಿದ್ದು ನನ್ನ ಮಂಗಳೂರಿನ ಫ್ರೆಂಡ್ ಜೊತೆ. ಅವ್ಳ ಮಗನೂ ನನ್ನ ಮಗಳೂ ಒಂದೇ ಪ್ಲೇಗ್ರೂಪು. ಮಗನ ಬ್ಯಾಪ್ಟಿಸಂ ಊರಲ್ಲೇ ಆಗಿದ್ದು, ಅಜ್ಜಿ ಮನೆ ಹತ್ರದ ಇಗರ್ಜಿಯಲ್ಲಿ, ಸರ್ಟಿಫಿಕೇಟ್ ಎಲ್ಲಿಟ್ಟಿದಾಳೋ ನೆನಪಿಲ್ಲ, ಅವ್ಳ ತಮ್ಮ ಹೋಗಿ ಫಾದರ್ ಹತ್ರ ರಿಜಿಸ್ಟರ್ ತೆಗೆಸಿ ಇನ್ನೊಂದು ಕಾಪಿ ಬರೆಸಿ ಸೀಲ್ ಹಾಕಿಸಿ ಕಳಿಸಿದ. ಅದು ಸುಲಭ ಆಯ್ತು. ಇಲ್ಲಿಯ ಸಹಿ ಕಷ್ಟ. ಡಿಸೆಂಬರಿನ ಒಂದು ಭಾನುವಾರ ಅವ್ಳ ಜೊತೆ ನಾನೂ ಹೋಗಿದ್ದೆ, ಮಾಸ್ ಮುಗಿದು ಜನ ಆಚೆ ಬರ್ತಾರೆ, ಬಾಗಿಲ ಹತ್ರ ಫಾದರ್ ಎಲ್ಲರ ಕೈ ಕುಲುಕ್ತಾ ನಿಂತಿರ್ತಾರೆ, ಆ ಕಡೆ ಗೋಡೆ ಪಕ್ಕ ಪ್ಲಾಸ್ಟಿಕ್ ಫೋಲ್ಡರ್ ಹಿಡ್ಕೊಂಡ ಅಪ್ಪ ಅಮ್ಮಂದಿರ ಸಾಲು, ಯಾರೂ ಮಾತಾಡ್ತಿಲ್ಲ, ಎಲ್ಲರೂ ಒಬ್ಬರ ಫೋಲ್ಡರ್ ಇನ್ನೊಬ್ಬರು ನೋಡ್ತಿದಾರೆ. ಒಬ್ಬೊಬ್ಬರಿಗೂ ಫಾದರ್ ಕೇಳೋದು ಒಂದೇ, ಯಾವ ಮಾಸ್‌ಗೆ ಬರ್ತೀರಿ, ಎಲ್ಲಿ ಕೂರ್ತೀರಿ. ನನ್ ಫ್ರೆಂಡ್ ನೈಟ್ ಶಿಫ್ಟ್ ನರ್ಸು, ತಿಂಗಳಲ್ಲಿ ಎರಡು ಭಾನುವಾರ ಬೆಳಿಗ್ಗೆ ಆಸ್ಪತ್ರೆಯಿಂದ ಬಂದು ಮಲಗೋಳು, ಆ ದಿನ ಸಂಜೆ ಮಾಸ್‌ಗೆ ಬೇರೆ ಚರ್ಚಿಗೆ ಹೋಗ್ತಾಳೆ. ಇದನ್ನೆಲ್ಲ ಆ ಚಳೀಲಿ ನಿಂತು ವಿವರಿಸ್ಬೇಕು. ಫಾದರ್ ಒಳ್ಳೆಯವ್ರು, ಕೇಳಿ ಸಹಿ ಹಾಕಿದ್ರು. ಆಚೆ ಬಂದ ಮೇಲೆ ಇವ್ಳು, "ಎಂತದು ಮಾರಾಯ್ತಿ, ಊರಲ್ಲಿ ಪೂಜೆಗೆ ಹೋಗ್ಲಿಕ್ಕೆ ಅಮ್ಮ ಬಯ್ಯುದು, ಇಲ್ಲಿ ಹೋದದ್ದಕ್ಕೆ ಸಾಕ್ಷಿ ಕೊಡುದು" ಅಂತ ನಕ್ಕಳು. ನಗು ಬಂತು, ಆದ್ರೆ ಅವ್ಳ ಕೈ ನಡುಗ್ತಿತ್ತು, ಚಳಿಗೋ ಏನೋ.

ಕೆಲವು ಪ್ಯಾರಿಷ್‌ಗಳಲ್ಲಿ ಬರೋರ ಲೆಕ್ಕ ಇಡೋಕೆ ಕಾರ್ಡ್ ಇಟ್ಟಿರ್ತಾರೆ, ವಾರ ವಾರ ಹೆಸರು ಬರೆದು ಡಬ್ಬಿಗೆ ಹಾಕೋದು. ಒಂದು ರೀತಿಲಿ ಅದೇ ವಾಸಿ ಅನ್ಸತ್ತೆ ನಂಗೆ, ಫಾದರ್‌ಗೆ ಮುಖ ನೆನಪಿದ್ಯೋ ಇಲ್ವೋ ಅನ್ನೋದರ ಮೇಲೆ ನಿಲ್ಲಲ್ಲ.

ಇನ್ನು ನಮ್ಮ ಕಥೆ. "ಬೇರೆ ಧರ್ಮ" ಅನ್ನೋ ಸಾಲಿಗೂ ಸುಮ್ನೆ ಹೋಗೋಕಾಗಲ್ಲ. ನಾವು ಹಾಕಿದ ಸ್ಕೂಲಿನ ಫಾರ್ಮಲ್ಲಿ ನಿಮ್ಮ ಧರ್ಮದ ಮುಖಂಡರಿಂದ ಪತ್ರ ಅಂತ ಒಂದು ಬಾಕ್ಸು, ಹೆಸರು, ಪೂಜಾಸ್ಥಳದ ವಿಳಾಸ, ಸಹಿ, ಸೀಲು. ಅದು ಇದ್ರೆ "ಬೇರೆ ಧರ್ಮ", ಇಲ್ಲಾಂದ್ರೆ "ಉಳಿದ ಎಲ್ಲಾ". ಅಂದ್ರೆ ದೇವರನ್ನ ನಂಬೋ ಹಿಂದೂ, ಮುಸ್ಲಿಂ, ಸಿಖ್ ಮಕ್ಕಳು ನಾಸ್ತಿಕರ ಮಕ್ಕಳಿಗಿಂತ ಒಂದು ಮೆಟ್ಟಿಲು ಮೇಲೆ. ಲಿಂಗಾಯತರಾದ ನಮಗೆ ಇಲ್ಲಿ ಸಹಿ ಯಾರು ಹಾಕ್ಬೇಕು ಅಂತ ಮನೇಲಿ ಒಂದು ಸಂಜೆ ಪೂರ್ತಿ ಚರ್ಚೆ ಆಯ್ತು. ಲ್ಯಾಂಬೆತ್‌ನಲ್ಲಿ ಥೇಮ್ಸ್ ದಂಡೆ ಮೇಲೆ 2015ರಿಂದ ಬಸವಣ್ಣನವ್ರ ಪ್ರತಿಮೆ ಇದೆ, ಮೋದಿಯವ್ರು ಬಂದು ಉದ್ಘಾಟನೆ ಮಾಡಿದ್ದು, ಆದ್ರೆ ಬಸವಣ್ಣನವ್ರು ಸಹಿ ಹಾಕಲ್ವಲ್ಲ ಅಂತ ನನ್ ಗಂಡ. ಸ್ಥಾವರಕ್ಕಳಿವುಂಟು ಅಂದವ್ರನ್ನ ಸ್ಥಾವರ ಮಾಡಿದ್ದಕ್ಕೆ ಇಷ್ಟಾದ್ರೂ ಅನುಕೂಲ ಆಗ್ಬೇಕಿತ್ತು. ಕೊನೇಗೆ ನಾವು ಹಬ್ಬಕ್ಕೆ ಹೋಗೋ ಒಂದು ದೇವಸ್ಥಾನದ ಮ್ಯಾನೇಜರ್ ಹತ್ರ ಕೇಳಿದ್ವಿ, ಅವ್ರು ಗುಜರಾತಿ, ಡ್ರಾಯರ್ ಎಳೆದು ಮೊದಲೇ ಟೈಪ್ ಮಾಡಿಟ್ಟ ಲೆಟರ್‌ಹೆಡ್ಡಿನ ಕಟ್ಟು ತೆಗೆದ್ರು, ಹೆಸರು ತುಂಬಿ ಸೀಲ್ ಒತ್ತಿ ಕೊಟ್ರು, ಪ್ರಸಾದಾನೂ ಕೊಟ್ರು. ವರ್ಷಕ್ಕೆಷ್ಟು ಸಲ ಬರ್ತೀರಿ ಅಂತ ಕೇಳ್ಲೇ ಇಲ್ಲ. ಫ್ರೆಂಡಿಗೆ ಹೇಳಿದೆ, ಬೈದ್ಲು.

ಒಳ್ಳೇದನ್ನೂ ಹೇಳ್ಬೇಕು, ಯಾಕಂದ್ರೆ ಒಳ್ಳೇದು ಬಹಳ ಇದೆ. ಸ್ಕೂಲ್ ಅಡ್ಮಿಷನ್ಸ್ ಕೋಡ್ ಅಂತ ಒಂದು ಪುಸ್ತಕ ಇದೆ, ಈಗಿರೋದು 2021ರದ್ದು, ಎಲ್ಲಾ ಸರ್ಕಾರಿ ದುಡ್ಡಿನ ಸ್ಕೂಲಿಗೂ ಅನ್ವಯ, ಫೇತ್ ಸ್ಕೂಲಿಗೂ (ಧರ್ಮದ ಆಧಾರದ ಸ್ಕೂಲು). ಅದರಲ್ಲಿ ಮಾಡಬಾರದ್ದರ ಪಟ್ಟಿ ಓದಿದ್ರೆ ನಮ್ಮೂರ ಅಡ್ಮಿಷನ್ ಆಫೀಸನ್ನ ಎದುರಿಗಿಟ್ಕೊಂಡೇ ಬರೆದಂಗಿದೆ. ಮಗೂನೋ ಅಪ್ಪ ಅಮ್ಮನ್ನೋ ಇಂಟರ್‌ವ್ಯೂ ಮಾಡಂಗಿಲ್ಲ. ಡೊನೇಷನ್ ಕೇಳಂಗಿಲ್ಲ. ನಿಮ್ಮ ಕೆಲಸ ಏನು, ಸಂಬಳ ಎಷ್ಟು, ಮದುವೆ ಆಗಿದ್ಯಾ, ಮನೇಲಿ ಯಾವ ಭಾಷೆ ಅಂತ ಫಾರ್ಮಲ್ಲಿ ಕೇಳಂಗಿಲ್ಲ. ಸ್ಕೂಲಿಗೋ ಚರ್ಚಿಗೋ ಕೆಲಸ ಮಾಡ್ಕೊಟ್ರು, ಹೂ ಜೋಡಿಸಿದ್ರು, ಗುಡಿಸಿದ್ರು ಅಂತ ಸೀಟಲ್ಲಿ ಆದ್ಯತೆ ಕೊಡೋ ಹಾಗೂ ಇಲ್ಲ. ಪ್ರತಿ ವರ್ಷ ಫೆಬ್ರವರಿ 28ರೊಳಗೆ ನಿಯಮ ತೀರ್ಮಾನ ಮಾಡಿ ಮಾರ್ಚ್ 15ರೊಳಗೆ ವೆಬ್‌ಸೈಟಲ್ಲಿ ಹಾಕ್ಬೇಕು, ಅದು ಅನ್ಯಾಯ ಅನ್ಸಿದ್ರೆ ನೀವು ನಾನು ಯಾರಾದ್ರೂ ಮೇ 15ರೊಳಗೆ ಸ್ಕೂಲ್ಸ್ ಅಡ್ಜುಡಿಕೇಟರ್ ಅನ್ನೋ ಆಫೀಸಿಗೆ ಬರೀಬೋದು, ಅವ್ರು ನಿಯಮ ಬದಲಾಯಿಸಿ ಅಂದ್ರೆ ಬದಲಾಯಿಸ್ಲೇಬೇಕು. ಓಪನ್ ಡೇಗೆ ಹೋದಾಗ ಯಾರೋ ಒಬ್ರು ಹೆಡ್‌ಟೀಚರ್ ಹತ್ರ ಹೋಗಿ ತಮ್ಮ ಮಗು ಎಷ್ಟು ಚುರುಕು ಅಂತ ಶುರು ಮಾಡಿದ್ರು, ಆಕೆ ನಗ್ತಾನೇ "ನನಗೆ ಹೇಳಿ ಪ್ರಯೋಜನ ಇಲ್ಲ, ಇಲ್ಲಿ ನನ್ನ ಮಾತು ನಡಿಯಲ್ಲ, ಪಾಲಿಸಿ ಓದಿ" ಅಂತ ಮುಂದೆ ಹೋದ್ರು. ಇನ್‌ಫ್ಲುಯೆನ್ಸ್‌ಗೆ ಜಾಗಾನೇ ಇಲ್ಲದ ಕಡೆ ನಮ್ಮೋರಿಗೆ ಕೈ ಎಲ್ಲಿಡ್ಬೇಕು ಗೊತ್ತಾಗಲ್ಲ.

ಹಾಗಾದ್ರೆ ಮೂರೇ ಸ್ಟಾರ್ ಯಾಕೆ? ಕ್ಯೂ ಸೊಸೈಟಿ ರೇಷನ್ ಕ್ಯೂಗಿಂತ ಶಿಸ್ತಾಗಿದೆ, ಆದ್ರೆ ಯಾರು ಮುಂದೆ ನಿಲ್ಬೇಕು ಅನ್ನೋದನ್ನ ನಾಲ್ಕು ವರ್ಷದ ಮಗುವಿನ ಅಪ್ಪ ಅಮ್ಮನ ಭಾನುವಾರ ತೀರ್ಮಾನ ಮಾಡತ್ತೆ, ಅದಕ್ಕೆ. ಸರ್ಕಾರದ ಬೇರೆ ಯಾವ ಸೇವೆಯಲ್ಲೂ ನಿನ್ನ ಧರ್ಮ ಯಾವ್ದು ಅಂತ ಕೇಳಿ ಟೋಕನ್ ಕೊಟ್ರೆ ಕೋರ್ಟಿಗೆ ಹೋಗ್ಬೋದು, ಇಲ್ಲಿ 2010ರ ಈಕ್ವಾಲಿಟಿ ಆ್ಯಕ್ಟೇ ಫೇತ್ ಸ್ಕೂಲುಗಳಿಗೆ ವಿನಾಯ್ತಿ ಕೊಟ್ಟಿದೆ. ಧರ್ಮ ನೋಡ್ಬೋದು, ಜನಾಂಗ ನೋಡೋ ಹಾಗಿಲ್ಲ. 2009ರಲ್ಲಿ ಲಂಡನ್ನಿನ ಒಂದು ಯಹೂದಿ ಸ್ಕೂಲಿನ ಕೇಸಲ್ಲಿ, ಜೆಎಫ್‌ಎಸ್ ಕೇಸ್ ಅಂತಾರೆ, ತಾಯಿ ಯಹೂದಿ ಆಗಿದ್ರೆ ಮಾತ್ರ ಸೀಟು ಅನ್ನೋ ನಿಯಮ ಜನಾಂಗ ಭೇದ ಅಂತ ಇಲ್ಲಿಯ ಸುಪ್ರೀಂ ಕೋರ್ಟ್ ಹೇಳ್ತು, ಅದೂ ಐದು ನಾಲ್ಕರ ಅಂತರದಲ್ಲಿ. ಹುಟ್ಟು ಕೇಳ್ಬೇಡಿ ಆಚರಣೆ ಕೇಳಿ ಅಂತ ಆಯ್ತು.

ಪಕ್ಕದ ಐರ್ಲೆಂಡ್ ನೋಡಿ. ಅಲ್ಲಿ ಹತ್ತರಲ್ಲಿ ಒಂಬತ್ತು ಪ್ರೈಮರಿ ಸ್ಕೂಲು ಕ್ಯಾಥೊಲಿಕ್ಕೇ, ಬೇರೆ ದಾರಿನೇ ಇರ್ಲಿಲ್ಲ, ಡಬ್ಲಿನ್‌ಗೆ ಐಟಿ ಕೆಲಸಕ್ಕೆ ಹೋದ ನಮ್ಮ ಬೆಂಗಳೂರು ಹುಡುಗ್ರಿಗೆ ಮಕ್ಕಳಾದಾಗ ಇದೇ ತಲೆನೋವು. 2018ರಲ್ಲಿ ಕಾನೂನು ತಂದು ಕ್ಯಾಥೊಲಿಕ್ ಪ್ರೈಮರಿಗಳು ಬ್ಯಾಪ್ಟಿಸಂ ನೋಡಿ ಸೀಟು ಕೊಡೋದನ್ನ ನಿಲ್ಲಿಸಿದ್ರು, ಸಣ್ಣ ಪಂಗಡಗಳ ಸ್ಕೂಲುಗಳಿಗೆ ಮಾತ್ರ ವಿನಾಯ್ತಿ. ಆಕಾಶ ಏನೂ ಬೀಳ್ಲಿಲ್ಲ, ಸ್ಕೂಲುಗಳು ಕ್ಯಾಥೊಲಿಕ್ ಆಗೇ ಇವೆ. ಇಂಗ್ಲೆಂಡಲ್ಲೂ 2010ರಿಂದ ಹೊಸದಾಗಿ ಶುರುವಾದ ಫ್ರೀ ಸ್ಕೂಲುಗಳಿಗೆ (ಸರ್ಕಾರದ ದುಡ್ಡಲ್ಲಿ ಕೌನ್ಸಿಲ್ ಹಿಡಿತವಿಲ್ಲದೆ ನಡೆಯೋ ಹೊಸ ಸ್ಕೂಲು) ಅರ್ಧ ಸೀಟಷ್ಟೇ ಧರ್ಮದ ಮೇಲೆ ಅಂತ ಮಿತಿ ಹಾಕಿದ್ರು, ಕ್ಯಾಥೊಲಿಕ್ ಬಿಷಪ್ಪುಗಳು ಒಪ್ಪಲೇ ಇಲ್ಲ, ನಮ್ಮ ಸ್ಕೂಲಿಗೆ ಬಂದ ಕ್ಯಾಥೊಲಿಕ್ ಮಗೂನ ಕ್ಯಾಥೊಲಿಕ್ ಅಂತ ವಾಪಸ್ ಕಳಿಸೋಕಾಗತ್ತಾ ಅನ್ನೋದು ಅವ್ರ ಮಾತು.

ಅವ್ರ ಕಡೆಯ ವಾದ ಪೂರ್ತಿ ತಳ್ಳಿಹಾಕೋ ಅಂಥದ್ದೂ ಅಲ್ಲ. ಜಾಗ ಅವ್ರದ್ದು, ನೂರೈವತ್ತು ವರ್ಷದಿಂದ ಅವ್ರ ಪ್ಯಾರಿಷ್‌ಗಳು ಚಿಲ್ಲರೆ ಕೂಡಿಸಿ ಕಟ್ಟಿದ್ದು, ಮತ್ತೆ ಇಂಗ್ಲೆಂಡು ವೇಲ್ಸ್ ಸೇರಿ ಎರಡು ಸಾವಿರ ಚಿಲ್ರೆ ಇರೋ ಈ ಸ್ಕೂಲುಗಳ ಮಕ್ಕಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕ್ಯಾಥೊಲಿಕ್ ಅಲ್ಲದೋರೇ. ಸೀಟು ಖಾಲಿ ಇದ್ರೆ ಯಾವ ಧರ್ಮ ಅಂತ ನೋಡದೆ ಕೊಡ್ಲೇಬೇಕು, ಇಲ್ಲ ಅನ್ನೋಕೆ ಬರಲ್ಲ. ಧರ್ಮದ ಸಾಲು ಲೆಕ್ಕಕ್ಕೆ ಬರೋದೇ ಅರ್ಜಿ ಸೀಟಿಗಿಂತ ಜಾಸ್ತಿ ಆದಾಗ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಗೊತ್ತಿಲ್ಲದೇ ಪಕ್ಕದ ಸ್ಕೂಲ್ ಬಿಟ್ಟು ಎರಡು ಬಸ್ ಬದಲಾಯಿಸಿ ಹೋಗೋರಿದಾರೆ.

ಹಾಗಾಗಿ ಅರ್ಜಿ ಹಾಕೋ ಮೊದ್ಲು ನೋಡ್ಬೇಕಾದ್ದು ಸ್ಕೂಲಿನ ಗೋಡೆ ಬಣ್ಣ ಅಲ್ಲ, ಕೌನ್ಸಿಲ್ ಪ್ರತಿ ವರ್ಷ ಹಾಕೋ ಬುಕ್‌ಲೆಟ್ಟು. ಅದರಲ್ಲಿ ಕಳೆದ ವರ್ಷ ಒಂದೊಂದು ಸ್ಕೂಲಲ್ಲೂ ಎಷ್ಟು ಸೀಟು, ಎಷ್ಟು ಅರ್ಜಿ, ಯಾವ ಸಾಲಿನವರೆಗೆ ಸೀಟು ಹೋಯ್ತು, ಕೊನೇ ಮಗುವಿನ ಮನೆ ಎಷ್ಟು ದೂರ ಅಂತ ಇರತ್ತೆ. ನಮ್ಮ ಬೀದಿ ತುದಿಯ ಸ್ಕೂಲು ಒಂದೇ ಸೆಕ್ಷನ್ನು, ಮೂವತ್ತು ಸೀಟು, ಹಿಂದಿನ ವರ್ಷ ಕ್ಯಾಥೊಲಿಕ್ ಸಾಲಲ್ಲೇ ಮುಗಿದಿತ್ತು. ಅಣ್ಣ ತಂಗಿಯರಿಗೇ ಅರ್ಧ ಹೋಗಿತ್ತು. ಅದನ್ನ ನೋಡಿದ ಮೇಲೂ ಒಂದನೇದಾಗಿ ಹಾಕಿದ್ವಿ, ಕಳ್ಕೊಳ್ಳೋದೇನಿಲ್ಲ ಅಂತ. ಏಪ್ರಿಲ್ 16ಕ್ಕೆ ಇಡೀ ದೇಶಕ್ಕೆ ರಿಸಲ್ಟು, ಸಂಜೆ ಇಮೇಲ್ ಬಂತು, ನಮಗೆ ಮೂರನೇದು, ಸ್ವಲ್ಪ ನಡೆದು ಹೋಗೋ ಕೌನ್ಸಿಲ್ ಸ್ಕೂಲು. ನನ್ ಫ್ರೆಂಡಿನ ಮನೆ ಇಲ್ಲಿಂದ ಒಂದು ಮೈಲಿ ಆಚೆ, ಅವ್ಳ ಮಗನಿಗೆ ನಮ್ಮ ಬೀದಿ ಸ್ಕೂಲು. ಈಗ ಅವ್ಳು ದಿನಾ ಬೆಳಿಗ್ಗೆ ನಮ್ಮ ಮನೆ ಮುಂದೆ ಕಾರ್ ಪಾರ್ಕ್ ಮಾಡ್ತಾಳೆ, ನಾನು ನಮ್ಮ ಮನೆಯಿಂದ ಮಗಳ ಕೈ ಹಿಡ್ಕೊಂಡು ಆಚೆ ದಿಕ್ಕಿಗೆ ಹೋಗ್ತೀನಿ. ಇದು ಪರಿಸರಕ್ಕೆ ಹೇಗೆ ಒಳ್ಳೇದು ಅಂತ ಯಾರಾದ್ರೂ ಕೌನ್ಸಿಲರ್ ಹೇಳ್ಬೇಕು.

ಸಿಗ್ಲಿಲ್ಲ ಅಂದ್ರೆ ಏನ್ ಮಾಡೋದು? ಕೊಟ್ಟ ಸೀಟನ್ನ ಮೊದ್ಲು ಒಪ್ಕೊಳ್ಳಿ. ಒಪ್ಕೊಂಡ್ರೆ ಬೇಕಾದ ಸ್ಕೂಲಿನ ವೇಟಿಂಗ್ ಲಿಸ್ಟಿಂದ ಹೆಸರು ಹೋಗತ್ತೆ ಅನ್ನೋದು ಸುಳ್ಳು. ವೇಟಿಂಗ್ ಲಿಸ್ಟು ಕನಿಷ್ಠ ಡಿಸೆಂಬರ್ 31ರವರೆಗೆ ಇಡ್ಲೇಬೇಕು, ಆದ್ರೆ ಅದು ಯಾರು ಮೊದ್ಲು ಬಂದ್ರು ಅನ್ನೋ ಲೆಕ್ಕದ್ದಲ್ಲ, ಅದೇ ಧರ್ಮದ ಸಾಲು, ಹಾಗಾಗಿ ನೀವು ಐದನೇ ನಂಬರಲ್ಲಿ ಇದ್ದಾಗ ಹೊಸ ಕ್ಯಾಥೊಲಿಕ್ ಕುಟುಂಬ ಏರಿಯಾಗೆ ಬಂದ್ರೆ ನೀವು ಆರಕ್ಕೆ ಇಳೀತೀರಿ. ಇಳಿದಾಗ ಸಿಟ್ಟು ಬರತ್ತೆ, ನಿಯಮ ಗೊತ್ತಿದ್ರೂ ಬರತ್ತೆ. ಅಪೀಲ್‌ಗೆ ಹೋಗ್ಬೋದು, ಸ್ವತಂತ್ರ ಪ್ಯಾನೆಲ್ ಕೇಳತ್ತೆ, ಆದ್ರೆ ರಿಸೆಪ್ಷನ್, ಒಂದು, ಎರಡನೇ ಕ್ಲಾಸಲ್ಲಿ ಒಬ್ಬ ಟೀಚರಿಗೆ ಮೂವತ್ತಕ್ಕಿಂತ ಜಾಸ್ತಿ ಮಕ್ಕಳಿರಬಾರದು ಅಂತ 1998ರ ಕಾನೂನೇ ಇದೆ, ಆದ್ರಿಂದ ನಿಯಮ ತಪ್ಪಾಗಿ ಲೆಕ್ಕ ಹಾಕಿದಾರೆ ಅಂತ ತೋರಿಸದ ಹೊರತು ಗೆಲ್ಲೋದು ಅಪರೂಪ. ನಮಗೆ ಹತ್ರ ಅನ್ನೋದು, ಅಜ್ಜಿ ತಾತ ಊರಿಂದ ಬಂದಾಗ ಕರ್ಕೊಂಡು ಹೋಗೋಕೆ ಅನುಕೂಲ ಅನ್ನೋದು ಅಲ್ಲಿ ನಡಿಯಲ್ಲ. ನಾವು ಹೋಗ್ಲಿಲ್ಲ.

ಆಮೇಲೆ ನವೆಂಬರಲ್ಲಿ ಬೀದಿ ತುದಿಯ ಸ್ಕೂಲಿನ ಸೀಟಿಗೆ ಫೋನ್ ಬಂತು, ಒಂದು ಕುಟುಂಬ ಊರು ಬಿಟ್ಟು ಹೋಗಿದೆ, ಸೀಟಿದೆ, ಬೇಕಾ ಅಂತ. ಅಷ್ಟೊತ್ತಿಗೆ ಮಗಳಿಗೆ ಕೌನ್ಸಿಲ್ ಸ್ಕೂಲಲ್ಲಿ ಇಬ್ರು ಪ್ರಾಣ ಸ್ನೇಹಿತೆಯರು, ಟೀಚರ್ ಹೆಸರು ನಿದ್ದೇಲೂ ಹೇಳ್ತಾಳೆ. ಗಂಡ ಒಂದು ದಿನ ಪೂರ್ತಿ ಬೀದಿ ತುದಿ ನೋಡ್ಕೊಂಡು ಓಡಾಡಿದ್ರು. ಬೇಡ ಅಂದ್ವಿ.

ಆ ಕ್ಯಾಥೊಲಿಕ್ ಸ್ಕೂಲು ಒಳಗೆ ಹೇಗಿದೆ ಅಂತ ಫ್ರೆಂಡ್ ಮಗನಿಂದ ಗೊತ್ತು. ಪಾಠದ ಸಮಯದಲ್ಲಿ ಹತ್ತು ಪರ್ಸೆಂಟ್ ಧರ್ಮದ ಪಾಠಕ್ಕೆ, ಊಟಕ್ಕೆ ಮೊದ್ಲು ಪ್ರಾರ್ಥನೆ, ಕ್ಲಾಸಲ್ಲಿ ಮೂಲೇಲಿ ಮೇರಿ ಮಾತೆಗೆ ಒಂದು ಪುಟ್ಟ ಮೇಜು, ಮೂರನೇ ಕ್ಲಾಸಲ್ಲಿ ಕ್ಯಾಥೊಲಿಕ್ ಮಕ್ಕಳಿಗೆ ಮೊದಲ ಪರಮಪ್ರಸಾದದ ಗಡಿಬಿಡಿ. ಬೇರೆ ಧರ್ಮದ ಅಪ್ಪ ಅಮ್ಮ ಬೇಡ ಅಂತ ಬರೆದುಕೊಟ್ರೆ ಪ್ರಾರ್ಥನೆಯಿಂದ, ಧರ್ಮದ ಪಾಠದಿಂದ ಮಗೂನ ಹೊರಗಿಡೋ ಹಕ್ಕು ಕಾನೂನಲ್ಲಿದೆ, ಆದ್ರೆ ಇಡೀ ಸ್ಕೂಲೇ ಆ ವಾತಾವರಣ ಆದಾಗ ಮಗು ಎಷ್ಟಂತ ಕಾರಿಡಾರಲ್ಲಿ ಕೂತಿರತ್ತೆ, ಅಷ್ಟು ಕಷ್ಟ ಆಗತ್ತೆ ಅನ್ನೋರು ಅರ್ಜಿನೇ ಹಾಕ್ಬಾರ್ದು ಅಂತ ನನ್ನ ಅಭಿಪ್ರಾಯ. ಮಧ್ಯಾಹ್ನದ ಊಟ ರಿಸೆಪ್ಷನ್ನಿಂದ ಎರಡನೇ ಕ್ಲಾಸ್‌ವರೆಗೆ ಇಂಗ್ಲೆಂಡಲ್ಲಿ ಎಲ್ಲಾ ಸರ್ಕಾರಿ ದುಡ್ಡಿನ ಸ್ಕೂಲಲ್ಲೂ ಫ್ರೀ, ವೆಜ್ ಸಿಗತ್ತೆ, ರುಚಿ ಕೇಳ್ಬೇಡಿ.

ಈಗಿನ ಪರಿಸ್ಥಿತಿ ಬದಲಾಗ್ತಿದೆ. ಲಂಡನ್ನಲ್ಲಿ ಮಕ್ಕಳ ಸಂಖ್ಯೆನೇ ಇಳೀತಿದೆ, ಹುಟ್ಟೋದು ಕಮ್ಮಿ, ಬಾಡಿಗೆ ಕಟ್ಟೋಕಾಗದೆ ಊರು ಬಿಡೋರು ಜಾಸ್ತಿ, ಹತ್ತು ವರ್ಷದ ಹಿಂದೆ ಫಾದರ್ ಸಹಿಗೆ ಹೊಡೆದಾಟ ಆಗ್ತಿದ್ದ ಕೆಲವು ಕ್ಯಾಥೊಲಿಕ್ ಪ್ರೈಮರಿಗಳಲ್ಲೂ ಈಗ ಸೀಟು ಉಳೀತಿದೆ, ಎರಡು ಸೆಕ್ಷನ್ ಇದ್ದದ್ದು ಒಂದಾಗಿದೆ. ಅಂಥ ಕಡೆ ನಮ್ಮ ಮಕ್ಕಳಿಗೆ ದೇವಸ್ಥಾನದ ಪತ್ರಾನೂ ಬೇಡ, ಏನೂ ಬೇಡ, ಕೌನ್ಸಿಲ್ ಫಾರ್ಮಲ್ಲಿ ಹೆಸರು ಹಾಕಿದ್ರೆ ಸಾಕು. ವರ್ಷದ ಮಧ್ಯ ಊರಿಂದ ಬರೋರಿಗಂತೂ ಇದು ಒಳ್ಳೇ ದಾರಿ, ಅದಕ್ಕೆ ಇನ್‌ಇಯರ್ ಅರ್ಜಿ ಅಂತ ಬೇರೆ ಇದೆ, ಕೆಲವು ಕೌನ್ಸಿಲಲ್ಲಿ ಅವ್ರ ಮೂಲಕ, ಕೆಲವು ಕಡೆ ನೇರ ಸ್ಕೂಲಿಗೆ, ಮೊದ್ಲು ಫೋನ್ ಮಾಡಿ ಯಾವ ಕ್ಲಾಸಲ್ಲಿ ಜಾಗ ಇದೆ ಅಂತ ಕೇಳಿ. ವೀಸಾ ಯಾವ್ದು, ಯಾವ ದೇಶದ ಪಾಸ್‌ಪೋರ್ಟ್ ಅನ್ನೋ ಕಾರಣಕ್ಕೆ ಸೀಟು ಇಲ್ಲ ಅನ್ನೋ ಹಾಗಿಲ್ಲ. ವಿಳಾಸದ ಪುರಾವೆಗೆ ಟೆನೆನ್ಸಿ ಅಗ್ರಿಮೆಂಟು, ಕೌನ್ಸಿಲ್ ಟ್ಯಾಕ್ಸ್ ಬಿಲ್ಲು ಕೇಳ್ತಾರೆ, ಎರಡರಲ್ಲೂ ಹೆಸರಿನ ಸ್ಪೆಲಿಂಗ್ ಒಂದೇ ಥರ ಇರ್ಲಿ, ನಮ್ಮ ಅಪ್ಪನ ಹೆಸರು ಊರ ಹೆಸರು ಎಲ್ಲಾ ಸೇರಿ ಒಂದೊಂದು ಕಡೆ ಒಂದೊಂದು ಥರ ಬಂದ್ರೆ ಆಫೀಸಿನೋರು ಇಬ್ರು ಬೇರೆ ಬೇರೆ ಜನ ಅನ್ಕೋತಾರೆ. ಎಸ್‌ಐಎಫ್ ಕಳಿಸಿದ್ರೆ ಮುಟ್ಟಿದೆ ಅನ್ನೋ ಇಮೇಲ್ ಬರೋವರೆಗೆ ಬಿಡ್ಬೇಡಿ, ಇಲ್ಲಾಂದ್ರೆ ಕೈಲೇ ತಗೊಂಡೋಗಿ ಕೊಟ್ಟು ಫೋಟೋ ಕಾಪಿ ಮೇಲೆ ಸೀಲ್ ಹಾಕಿಸ್ಕೊಳ್ಳಿ.